ಸೇಂಟ್ ಆಬ್ಸ್ ಹಳ್ಳಿಯ ಜೀವರಕ್ಷಕ ದೋಣಿ

ಸ್ಕಾಟ್ಲೆಂಡಿನ ಆಗ್ನೇಯ ಕರಾವಳಿಯಲ್ಲಿ, ಉತ್ತರ ಸಮುದ್ರಕ್ಕೆ ಮುಖಮಾಡಿ, ಸೇಂಟ್ ಆಬ್ಸ್ ಎಂಬ ಪುಟ್ಟ ಹಳ್ಳಿಯುಂಟು. ಒಂದು ಬಂದರು, ಅದರ ಮೇಲಣ ದಿಬ್ಬದಲ್ಲಿ ಸಾಲುಮನೆಗಳು, ಏಡಿ ಹಿಡಿಯುವ ಕೆಲವು ದೋಣಿಗಳು. ಇಷ್ಟೇ ಅದರ ಸಿರಿ. ಹಿಂದೆ ಅಲ್ಲಿಯ ಬೆಸ್ತರು ಮೈಲಿಗೂ ಮಿಗಿಲಾದ ದೂರದಲ್ಲಿರುವ ಕೋಲ್ಡಿಂಗಮ್ ಊರಿನಲ್ಲಿ ವಾಸವಾಗಿದ್ದು, ಬುಟ್ಟಿಬಲೆಗಳನ್ನು ಹೊತ್ತು ಕಾಲುದಾರಿಯಲ್ಲಿ ಕಡಲಿಗೆ ಬರುತ್ತಿದ್ದರು. ಆ ದಾರಿಗೆ ಇಂದಿಗೂ ಅವರ ಬುಟ್ಟಿಯದೇ ಹೆಸರು.

ಅನ್ನವಿತ್ತ ಸಮುದ್ರವೇ ಪ್ರಾಣವನ್ನೂ ಕೊಂಡಿದೆ. 1881ರ ಅಕ್ಟೋಬರ್ 14ರಂದು ಎದ್ದ ಬಿರುಗಾಳಿಗೆ ಆ ಕರಾವಳಿಯ 189 ಮಂದಿ ಬೆಸ್ತರು ಬಲಿಯಾದರು. ನೆರೆಯ ಐಮತ್ ಊರೊಂದರಿಂದಲೇ 129 ಮಂದಿ. ಕೆಲವು ದೋಣಿಗಳು ಬಂದರಿನ ಬಾಗಿಲಲ್ಲಿಯೇ, ದಡದಲ್ಲಿ ನಿಂತ ಹೆಂಡಿರು ಮಕ್ಕಳ ಕಣ್ಣೆದುರಿನಲ್ಲಿ ಒಡೆದುಹೋದವು. 1907ರಲ್ಲಿ ಡೆನ್ಮಾರ್ಕಿನ ಹಡಗೊಂದು ಸೇಂಟ್ ಆಬ್ಸಿನ ಎದುರಿನ ಬಂಡೆಗಳಿಗೆ ಬಡಿಯಿತು. ಬೇರೆ ಊರುಗಳ ಜೀವರಕ್ಷಕ ದೋಣಿಗಳು ಬರುವಷ್ಟರಲ್ಲಿ ಹೊತ್ತು ಮೀರಿದ್ದಿತು. ನಾವಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ಬಳಿಕ ಜೇನ್ ಹೇ ಎಂಬ ಮಹಿಳೆ ಹಟಹಿಡಿದು ಹೋರಾಡಿದ ಫಲವಾಗಿ 1911ರಲ್ಲಿ ಹಳ್ಳಿಗೆ ತನ್ನದೇ ಆದ ಜೀವರಕ್ಷಕ ದೋಣಿ ಬಂದಿತು.

2015ರಲ್ಲಿ, ದೋಣಿಯನ್ನು ನಡೆಸುತ್ತಿದ್ದ ರಾಷ್ಟ್ರೀಯ ಸಂಸ್ಥೆಯು ಆ ಠಾಣ್ಯವನ್ನು ಮುಚ್ಚಿತು. ಐಮತ್‌ನ ದೋಣಿ ಕೆಲವೇ ಮೈಲಿಗಳಾಚೆ ಇರುವಾಗ ಇಲ್ಲಿ ಮತ್ತೊಂದೇಕೆ ಎಂಬುದು ಅದರ ವಾದ. ಲೆಕ್ಕ ತಪ್ಪೆನ್ನಲಾರೆವು. ದಾನದ ಹಣದಿಂದ ನಡೆಯುವ ಸಂಸ್ಥೆಯು ಕಾಸಿಗೆ ಕಾಸು ನೋಡಬೇಕಾದುದೇ. ಆದರೂ ನಾವು ಹಳ್ಳಿಯವರ ಪಕ್ಷ. ಭೂಪಟದ ಮೇಲಿನ ಮೈಲಿ ಬೇರೆ, ಕೊರೆಯುವ ನೀರಿನಲ್ಲಿ ಬಿದ್ದವನ ಮೈಲಿ ಬೇರೆ. ಅಂತಹ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಅದೂ ಅಲ್ಲದೆ, ಯಾವ ಬಂಡೆ ಯಾವ ಉಬ್ಬರದಲ್ಲಿ ಅಡಗುವುದೆಂದು ಬಾಲ್ಯದಿಂದ ಕಂಡವರ ತಿಳಿವಳಿಕೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯೋಣ? ಸಾಲದುದಕ್ಕೆ, ಕಡಲಡಿಯ ಜೀವಿಗಳನ್ನು ನೋಡಲು ಮುಳುಗುವವರು ದೂರದೂರದಿಂದ ಅಲ್ಲಿಗೆ ಬರುತ್ತಾರೆ.

ಹಳ್ಳಿಯವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಚಂದಾ ಎತ್ತಿ 2016ರಲ್ಲಿ ಸ್ವಂತ ದೋಣಿಯನ್ನು ನೀರಿಗಿಳಿಸಿದರು. ಅದಕ್ಕೆ ದೊಡ್ಡ ಮೊತ್ತವನ್ನಿತ್ತದ್ದು ಒಂದು ಬಿಸ್ಕತ್ತಿನ ಕಂಪನಿ. ದೋಣಿಯ ಹೆಸರೂ ಆ ಕಂಪನಿಯನ್ನು ಸ್ಥಾಪಿಸಿದ ಥಾಮಸ್ ಟನಕ್‌ನದೇ. ನಗುವವರು ನಗಲಿ, ಬಿಸ್ಕತ್ತಿನ ಹಣ ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಸಂದುದನ್ನು ನಾವಂತೂ ಕಂಡಿಲ್ಲ. ಕರೆ ಬಂದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಓಡುವವರು ಸಂಬಳದ ನೌಕರರಲ್ಲ, ಆ ಊರಿನ ಸ್ವಯಂಸೇವಕರೇ.