ಬೆಳ್ಳಗಿರುವುದೆಲ್ಲ ಹಾಲಲ್ಲ

‘ವರ್ಷಕ್ಕೊಂದು ಪೆಟ್ ಸ್ಕ್ಯಾನ್ ಮಾಡಿಸಿ, ಕ್ಯಾನ್ಸರ್ ಭಯ ಬಿಡಿ’ ಎಂಬ ಕಳೆದ ಸಂಚಿಕೆಯ ಬರಹ ಓದಿ ಗಾಬರಿಯಾಯಿತು. ದುಬಾರಿ ಸ್ಕ್ಯಾನೇ ಒಳ್ಳೆಯ ಸ್ಕ್ಯಾನ್ ಎಂದು ಲೇಖಕರಿಗೆ ಯಾರು ಹೇಳಿದರೋ! ಸಾಮಾನ್ಯ ಪೆಟ್ ಹುಡುಕುವುದು ಕ್ಯಾನ್ಸರನ್ನಲ್ಲ, ಸಕ್ಕರೆ ಹೀರುವ ಜೀವಕೋಶಗಳನ್ನು. ವಿಕಿರಣಶೀಲ ಫ್ಲೋರಿನ್-18 ಜೋಡಿಸಿದ, ಗ್ಲೂಕೋಸನ್ನೇ ಹೋಲುವ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಹೆಚ್ಚು ಹೀರಿಕೊಂಡ ಕಡೆ ಹೊಳಪು. ಕ್ಷಯದ ಗಂಟೂ ಹೀಗೇ ಹೊಳೆಯುತ್ತದೆ. ನಮ್ಮ ಚಿಕ್ಕಮ್ಮನ ಎದೆಯಲ್ಲಿ ಹೊಳೆದದ್ದು ಅದೇ. ಬಯಾಪ್ಸಿ ವರದಿ ಬರುವ ತನಕ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ.

ಇತ್ತ ಮಿದುಳು ಸದಾ ಸಕ್ಕರೆ ತಿನ್ನುವ ಅಂಗ. ಅಲ್ಲಿನ ಸಣ್ಣ ಗಡ್ಡೆ ಆ ಬೆಳಕಿನಲ್ಲೇ ಅಡಗಿಬಿಡುತ್ತದೆ. ಅದಕ್ಕೆ ಎಂಆರ್‌ಐ ಬೇಕು. ಶ್ವಾಸಕೋಶದ ಚಿಕ್ಕ ಗಂಟಿಗೆ ಸಿಟಿ, ಥೈರಾಯ್ಡಿಗೆ ಅಲ್ಟ್ರಾಸೌಂಡ್, ಸ್ತನದಲ್ಲಿನ ಸುಣ್ಣದ ಸೂಕ್ಷ್ಮ ಚುಕ್ಕೆಗಳಿಗೆ ಮ್ಯಾಮೊಗ್ರಾಂ. ರೋಗ ಖಚಿತವಾದ ಮೇಲೆ ಎಲ್ಲೆಲ್ಲಿ ಹರಡಿದೆ, ಔಷಧಕ್ಕೆ ಬಗ್ಗಿದೆಯೇ ಎಂದು ತಿಳಿಯಲು ಪೆಟ್ ದೊಡ್ಡ ಆಸರೆ, ಒಪ್ಪುತ್ತೇನೆ. ಆದರೆ ಏನೂ ತೊಂದರೆಯಿಲ್ಲದವರು ಸಾವಿರಾರು ರೂಪಾಯಿ ತೆತ್ತು, ವಿಕಿರಣಕ್ಕೆ ಮೈಯೊಡ್ಡಿ ಮನೆಗೆ ತರುವುದು ಹೆಚ್ಚಾಗಿ ಅನುಮಾನವನ್ನೇ. ಗುಟ್ಕಾ ಜಗಿಯುವವನ ಬಾಯೊಳಗಿನ, ಕ್ಯಾನ್ಸರಿಗೆ ತಿರುಗಬಹುದಾದ ಬಿಳಿ ಮಚ್ಚೆ ಕಾಣಲು ಒಂದು ಟಾರ್ಚ್ ಸಾಕು; ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.