ಹಡಗು ಬಂತು, ಊರಿಗೇನು ಬಂತು?

ಅಮೆರಿಕದ ಸಿಯಾಟಲ್ ನಗರದಲ್ಲಿ ಮಗನೋ ಮಗಳೋ ನೆಲೆಸಿರುವ ಬೆಂಗಳೂರಿನ ನಿವೃತ್ತ ದಂಪತಿಗಳ ಪಾಲಿಗೆ ಅಲಾಸ್ಕದ ಹಡಗು ಪ್ರವಾಸ ಈಗ ಕಾಶಿಯಾತ್ರೆಯಷ್ಟೇ ಅನಿವಾರ್ಯವಾಗಿಬಿಟ್ಟಿದೆ. 2023ರ ಬೇಸಿಗೆಯಲ್ಲಿ ನಾವೂ ಹೋಗಿ ಬಂದೆವು. ಟಿಕೆಟ್ಟು ಮಗನ ಕೊಡುಗೆ. ನಾನು ಮತ್ತು ನನ್ನ ಪತ್ನಿ ನಾಲ್ಕು ಸಾವಿರ ಸಹಪ್ರಯಾಣಿಕರೊಂದಿಗೆ ಏಳು ರಾತ್ರಿಗಳನ್ನು ಸಮುದ್ರದ ಮೇಲೆ ಕಳೆದೆವು. ಮರಳಿದ ಮೇಲೆ ಪರಿಚಿತರು ಕೇಳಿದ್ದು ಎರಡೇ ಪ್ರಶ್ನೆ: ಹಡಗಿನೊಳಗೆ ಏನೇನಿತ್ತು? ದಡಕ್ಕಿಳಿದು ಏನೇನು ನೋಡಿದಿರಿ? ಉತ್ತರಿಸುತ್ತಾ ಹೋದಂತೆ, ಸೇವೆಯಲ್ಲಿದ್ದಾಗ ನಾನೇ ಸಹಿ ಹಾಕಿದ್ದ ಒಂದು ಕಡತ ನೆನಪಿಗೆ ಬಂದು ಕಾಡತೊಡಗಿತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಹಡಗು ಎಂದರೆ ಒಂದೂರಿನಿಂದ ಇನ್ನೊಂದೂರಿಗೆ ಕರೆದೊಯ್ಯುವ ವಾಹನ ಎಂಬ ನಮ್ಮ ತಲೆಮಾರಿನ ತಿಳಿವಳಿಕೆ ಹಳತಾಗಿದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ ಇಪ್ಪತ್ತು ಅಂತಸ್ತುಗಳು, ಏಳು ಈಜುಕೊಳಗಳು, ನೀರಿನಲ್ಲಿ ಜಾರುವ ಆರು ಜಾರುಬಂಡೆಗಳು. ಭರ್ತಿಯಾದರೆ 7,600 ಪ್ರಯಾಣಿಕರು. ಅವರ ಸೇವೆಗೆ 2,350 ಸಿಬ್ಬಂದಿ. ನಮ್ಮ ಎಷ್ಟೋ ಹೋಬಳಿ ಕೇಂದ್ರಗಳಲ್ಲಿ ಇಷ್ಟು ಜನ ಇಲ್ಲ. ನಾವು ಹೋದ ಹಡಗು ಇದಕ್ಕಿಂತ ಚಿಕ್ಕದು. ಆದರೂ ಅದರ ಮೇಲ್ಮಹಡಿಯಲ್ಲಿ ಪುಟ್ಟ ಕಾರುಗಳ ರೇಸಿಗೆಂದು ಒಂದು ಪಥವೇ ಇತ್ತು. ರಂಗಮಂದಿರ, ಕ್ಯಾಸಿನೊ, ಚಿತ್ರಗಳ ಹರಾಜು, ಅಂಗಮರ್ದನದ ಕೋಣೆಗಳು, ಹತ್ತಾರು ಬಗೆಯ ಭೋಜನಶಾಲೆಗಳು ಎಲ್ಲವೂ ಇದ್ದವು. ಮೂರನೆಯ ದಿನವೂ ನಾನು ನಮ್ಮ ಕೋಣೆಯ ದಾರಿ ತಪ್ಪಿ ಬೇರೊಬ್ಬರ ಬಾಗಿಲು ತಟ್ಟಿದ್ದುಂಟು.

ಅರ್ಥಶಾಸ್ತ್ರ ಓದಿದವನಿಗೆ ಇದರ ಲೆಕ್ಕಾಚಾರ ಕುತೂಹಲಕರ. ಮೈಸೂರಿನ ದಸರಾ ವಸ್ತುಪ್ರದರ್ಶನವನ್ನು ನೆನೆಯಿರಿ. ಪ್ರವೇಶದ ಟಿಕೆಟ್ಟು ಅಗ್ಗ. ಒಳಗೆ ಕಾಲಿಟ್ಟ ಮೇಲೆ ದೊಡ್ಡ ತೊಟ್ಟಿಲಿಗೆ ಬೇರೆ ದುಡ್ಡು, ಹಪ್ಪಳಕ್ಕೆ ಬೇರೆ, ಮಕ್ಕಳ ಪುಟ್ಟ ರೈಲಿಗೆ ಬೇರೆ. ಹಡಗಿನದೂ ಇದೇ ಸೂತ್ರ. ಕೋಣೆ, ಮೂರು ಹೊತ್ತಿನ ಊಟ, ರಂಗಮಂದಿರದ ಪ್ರದರ್ಶನ ಟಿಕೆಟ್ಟಿನಲ್ಲಿ ಸೇರಿವೆ. ಮದ್ಯ, ಇಂಟರ್‌ನೆಟ್, ವಿಶೇಷ ಭೋಜನಶಾಲೆ, ಕ್ಯಾಸಿನೊ, ದಡದ ಪ್ರವಾಸ ಇವೆಲ್ಲ ಮೇಲೆ. ಜೇಬಿನಿಂದ ನೋಟು ತೆಗೆಯುವ ಪ್ರಸಂಗವೇ ಇಲ್ಲ. ಕೋಣೆಯ ಕೀಲಿಯಾಗಿರುವ ಪ್ಲಾಸ್ಟಿಕ್ ಕಾರ್ಡನ್ನು ತೋರಿಸಿದರೆ ಸಾಕು, ಲೆಕ್ಕ ಕೊನೆಯ ದಿನ ಬಾಗಿಲ ಬಳಿ ಬಂದು ಬೀಳುತ್ತದೆ. ಜಗತ್ತಿನ ಎರಡು ಅತಿದೊಡ್ಡ ಕ್ರೂಸ್ ಕಂಪನಿಗಳ ವಾರ್ಷಿಕ ವರದಿಗಳ ಪ್ರಕಾರ ಅವುಗಳ ಒಟ್ಟು ವರಮಾನದಲ್ಲಿ ಸುಮಾರು ಮೂರನೇ ಒಂದು ಪಾಲು ಬರುವುದು ಟಿಕೆಟ್ಟಿನಿಂದಲ್ಲ, ಹತ್ತಿದ ಮೇಲಿನ ಈ ಖರ್ಚುಗಳಿಂದ.

ಇದರಲ್ಲಿ ಮೋಸವೇನೂ ಇಲ್ಲ. ಏನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಪ್ರಯಾಣಿಕನಿಗಿದ್ದರೆ ಹಡಗಿನ ವಾಸ ಬಹಳ ಅಗ್ಗದ ಸುಖ. ನಮ್ಮ ಅನುಭವದಲ್ಲಿ ಅಲ್ಲಿನ ಅತ್ಯುತ್ತಮವಾದುವೆಲ್ಲ ಬಿಟ್ಟಿಯವೇ: ರಾತ್ರಿ ಹತ್ತರವರೆಗೂ ಆರದ ಬೆಳಕಿನಲ್ಲಿ ಮೇಲ್ಮಹಡಿಯ ನಡಿಗೆ, ಯಾರೂ ಸುಳಿಯದ ಗ್ರಂಥಾಲಯದ ಮೂಲೆ, ಬಂಟ್ವಾಳದ ಕಡೆಯ ಒಬ್ಬ ಪರಿಚಾರಕನೊಂದಿಗಿನ ಮಾತು. ‘ಸಾರು ಅನ್ನ ಇಲ್ಲಿ ಸಿಗೂದಿಲ್ಲ ಅಮ್ಮ, ಮೊಸರು ಬೇಕಾದಷ್ಟು ತರ್ತೇನೆ’ ಎಂದು ನನ್ನ ಪತ್ನಿಗೆ ಹೇಳಿದ ಆ ಹುಡುಗ, ಒಂದೇ ಋತುವಿನಲ್ಲಿ ಜುನೋ ಬಂದರಿಗೆ ಹದಿನೈದು ಸಲ ಬಂದಿದ್ದನಂತೆ. ಅಲ್ಲಿನ ಹಿಮನದಿಯನ್ನು ನೋಡಿದ್ದು ಒಮ್ಮೆ.

ನಿಜವಾದ ಆಯ್ಕೆ ಎದುರಾಗುವುದು ಹಡಗು ದಡ ಮುಟ್ಟಿದಾಗ. ಕೈಯಲ್ಲಿರುವುದು ಆರೋ ಎಂಟೋ ಗಂಟೆ. ಹಡಗಿನ ಪ್ರವಾಸ ವಿಭಾಗದಲ್ಲೇ ಬಸ್ಸು, ದೋಣಿ, ಸಮುದ್ರವಿಮಾನಗಳ ಪ್ರವಾಸಗಳನ್ನು ಕೊಳ್ಳಬಹುದು. ಇಲ್ಲವೇ ದಡಕ್ಕಿಳಿದು ಸ್ಥಳೀಯರಿಂದ ಬಹುಮಟ್ಟಿಗೆ ಕಡಿಮೆ ಬೆಲೆಗೆ ಕೊಳ್ಳಬಹುದು. ಅದೂ ಬೇಡವೆಂದರೆ ಕಾಲ್ನಡಿಗೆ. ಹಡಗಿನವರ ಕೈಯಲ್ಲಿ ಒಂದು ದೊಡ್ಡ ಅಸ್ತ್ರವಿದೆ. ಅವರು ಮಾರಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಹೋಗಿ ತಡಮಾಡಿದರೆ ಹೊರಟುಬಿಡುತ್ತದೆ. 2024ರ ಮಾರ್ಚಿಯಲ್ಲಿ ಆಫ್ರಿಕಾದ ಸಾವೊ ಟೋಮೆ ದ್ವೀಪದಲ್ಲಿ ಖಾಸಗಿ ಪ್ರವಾಸಕ್ಕೆ ಹೋಗಿ ತಡವಾಗಿ ಬಂದ ಎಂಟು ಮಂದಿಯನ್ನು ಅವರ ಹಡಗು ಬಿಟ್ಟು ಹೊರಟಿತು. ದೇಶ ದೇಶ ದಾಟಿ ಅದನ್ನು ಬೆನ್ನಟ್ಟಿದ ಅವರ ಪಾಡು ಜಗತ್ತಿನಾದ್ಯಂತ ಸುದ್ದಿಯಾಯಿತು. ಹಡಗಿನ ಪ್ರವಾಸಕ್ಕೆ ನಾವು ಕೊಡುವ ಹೆಚ್ಚಿನ ಬೆಲೆ ಒಂದು ರೀತಿಯ ವಿಮಾ ಕಂತು. ದೂರದ ಪ್ರವಾಸಕ್ಕೆ ಆ ಕಂತು ಕಟ್ಟುವುದು ಜಾಣತನ. ಬಂದರಿನಿಂದ ಅರ್ಧ ಗಂಟೆಯ ಹಾದಿಗೆ ಕಟ್ಟುವುದು ಬರಿಯ ಭಯ.

ಆದರೆ ಆ ವಿಮೆ ಕಾಯುವುದು ವೇಳೆಯನ್ನು, ಪ್ರಾಣವನ್ನಲ್ಲ. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡ್‌ನ ವೈಟ್ ಐಲೆಂಡ್ ಜ್ವಾಲಾಮುಖಿ ಸಿಡಿದಾಗ ದ್ವೀಪದ ಮೇಲಿದ್ದ 47 ಜನರಲ್ಲಿ 38 ಮಂದಿ ಒಂದೇ ಕ್ರೂಸ್ ಹಡಗಿನಿಂದ ದಿನದ ಪ್ರವಾಸಕ್ಕೆ ಬಂದವರು. ಒಟ್ಟು 22 ಮಂದಿ ಸತ್ತರು. ನಾವು ಹೋದ ಅಲಾಸ್ಕದ ಕೆಚಿಕನ್ ಬಳಿಯೇ 2015ರ ಜೂನ್‌ನಲ್ಲಿ ಕ್ರೂಸ್ ಪ್ರಯಾಣಿಕರನ್ನು ಹೊತ್ತ ಸಮುದ್ರವಿಮಾನ ಬೆಟ್ಟಕ್ಕೆ ಬಡಿದು ಒಂಬತ್ತೂ ಜನ ಅಸುನೀಗಿದರು. ಕೆಟ್ಟ ಹವೆಯಲ್ಲೂ ಹಾರುವುದನ್ನು ಒಪ್ಪಿಕೊಂಡಿದ್ದ ಆ ವಿಮಾನ ಸಂಸ್ಥೆಯ ಕಾರ್ಯಸಂಸ್ಕೃತಿಯನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎತ್ತಿ ತೋರಿಸಿತು. ಸಮುದ್ರವಿಮಾನದ ಟಿಕೆಟ್ಟು ಕೊಡಿಸುತ್ತೇನೆಂದ ಮಗನಿಗೆ ನಾನು ಬೇಡವೆಂದೆ. ಅವನು ನಕ್ಕ. ಇರಲಿ.

ಜುನೋದಲ್ಲಿ ನಾವು ಮೆಂಡೆನ್‌ಹಾಲ್ ಹಿಮನದಿಗೆ ಬಂದರುಕಟ್ಟೆಯ ಸ್ಥಳೀಯ ಬಸ್ಸು ಹಿಡಿದು ಹೋದೆವು. ಸ್ಕ್ಯಾಗ್ವೇ ಎಂಬ ಪುಟ್ಟ ಊರಿನಲ್ಲಿ ವೈಟ್ ಪಾಸ್ ರೈಲು ಹತ್ತಿದೆವು. ಕ್ಲಾಂಡೈಕ್‌ನ ಚಿನ್ನಕ್ಕಾಗಿ ಜನ ಮುಗಿಬಿದ್ದಿದ್ದ ಕಾಲದಲ್ಲಿ, 1898ರಿಂದ 1900ರೊಳಗೆ ಕಟ್ಟಿದ ಕಿರುಗೇಜಿನ ಹಾದಿ ಅದು. ಕಂದಕದ ಅಂಚಿನಲ್ಲಿ ಅದು ಏರುವ ಪರಿ ನೋಡಿದರೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ರೈಲು ನೆನಪಾಗದಿರದು. ರೈಲಿನ ಹಣವಾದರೂ ಊರಿಗೆ ಸೇರುತ್ತದಲ್ಲ ಎಂದುಕೊಂಡು ಕುಳಿತಿದ್ದೆ. 2018ರಲ್ಲಿ ಆ ರೈಲನ್ನು ಕೊಂಡ ಕೂಟದಲ್ಲಿ ಜಗತ್ತಿನ ಅತಿದೊಡ್ಡ ಕ್ರೂಸ್ ಕಂಪನಿ ಕಾರ್ನಿವಲ್ ಪಾಲುದಾರ ಎಂಬುದು ಆಮೇಲೆ ತಿಳಿಯಿತು.

ಕೆಚಿಕನ್‌ನಲ್ಲಿ ಯಾವ ಪ್ರವಾಸವನ್ನೂ ಕೊಳ್ಳದೆ ಮಳೆಯಲ್ಲಿ ಕೊಡೆ ಹಿಡಿದು ನಡೆದೆವು. ಆಗುಂಬೆಯ ಸುಮಾರು ಅರ್ಧದಷ್ಟು ಮಳೆ ಬೀಳುವ ಊರು. ಹಡಗುಕಟ್ಟೆಯ ಎದುರಿಗೇ ಸಾಲುಸಾಲು ವಜ್ರದ ಅಂಗಡಿಗಳು. ಅಲಾಸ್ಕದಲ್ಲಿ ವಜ್ರವೇಕೆ ಎಂಬ ನನ್ನ ಸಂಶಯವನ್ನು ಪರಿಹರಿಸಿದವನು ಅಲ್ಲೊಂದು ಅಂಗಡಿಯಲ್ಲಿ ಹಿಂದಿಯಲ್ಲೇ ಮಾತನಾಡಿಸಿದ ಮುಂಬೈಯ ಯುವಕ. ಬೇಸಿಗೆಯಲ್ಲಿ ಇಲ್ಲಿ, ಚಳಿಗಾಲದಲ್ಲಿ ಕೆರಿಬಿಯನ್ ದ್ವೀಪವೊಂದರಲ್ಲಿ ಅವನ ಕೆಲಸ. ಹಡಗುಗಳು ಹೋದಲ್ಲಿಗೆ ಅಂಗಡಿಯೂ ಹೋಗುತ್ತದೆ. ನಮ್ಮ ಹಡಗಿನ ಉಪನ್ಯಾಸವೊಂದರಲ್ಲಿ ‘ಶಿಫಾರಸು ಮಾಡಿದ ಅಂಗಡಿಗಳು’ ಎಂದು ಹಂಚಿದ್ದ ನಕ್ಷೆಯಲ್ಲಿ ಹೆಚ್ಚಾಗಿ ಇದ್ದುದು ಇಂಥವೇ. ಇಂಥ ಶಿಫಾರಸಿಗೆ ಅಂಗಡಿಗಳು ಹಣ ತೆರುತ್ತವೆ. ಎರಡು ಬೀದಿ ಒಳಗೆ ಹೋದಾಗ ಮಾತ್ರ ‘ಈ ಅಂಗಡಿ ಇಲ್ಲಿಯವರದು’ ಎಂಬ ಪುಟ್ಟ ಫಲಕಗಳು ಕಾಣತೊಡಗಿದವು. ಅಂಥ ಒಂದು ಅಂಗಡಿಯಲ್ಲಿ ನನ್ನ ಪತ್ನಿ ಉಣ್ಣೆಯ ಟೋಪಿ ಕೊಂಡಳು. ಕೆಚಿಕನ್ ಊರಿಗೆ ನಮ್ಮಿಂದ ನೇರವಾಗಿ ಸೇರಿದ್ದು ಅಷ್ಟೆ.

ಇಡೀ ಪ್ರವಾಸದಲ್ಲಿ ಮನಸ್ಸು ತುಂಬಿದ ದಿನ ಎಂದರೆ ದಡವನ್ನೇ ಮುಟ್ಟದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ದಿನ. ಉದ್ಯಾನದ ಅರಣ್ಯಾಧಿಕಾರಿಗಳೇ ಹಡಗು ಹತ್ತಿ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ. ಕಳೆದ ಎರಡು ಶತಮಾನಗಳಲ್ಲಿ ಅಲ್ಲಿನ ಹಿಮ ಸುಮಾರು ನೂರು ಕಿಲೋಮೀಟರ್ ಹಿಂದೆ ಸರಿದಿದೆ. ಆ ಕೊಲ್ಲಿಯೊಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ಸರ್ಕಾರವೊಂದು ಮಿತಿ ಹಾಕಿದೆ. ಕಂಪನಿಗಳು ಅದಕ್ಕೆ ಬಾಗಿ, ಪ್ರವೇಶ ಸಿಕ್ಕಿದ್ದೇ ಭಾಗ್ಯವೆಂದು ಜಾಹೀರಾತು ಕೊಡುತ್ತವೆ.

ಮಿತಿ ಹಾಕುವ ಧೈರ್ಯ ಊರುಗಳಿಗೂ ಮೆಲ್ಲನೆ ಬರುತ್ತಿದೆ. ಜುನೋದ ಜನಸಂಖ್ಯೆ ಮೂವತ್ತು ಸಾವಿರ ಚಿಲ್ಲರೆ. 2023ರ ಒಂದೇ ಋತುವಿನಲ್ಲಿ ಅಲ್ಲಿಗೆ ಬಂದ ಹಡಗು ಪ್ರಯಾಣಿಕರು 16 ಲಕ್ಷಕ್ಕೂ ಹೆಚ್ಚು. ಊರಿನ ಆಡಳಿತ ಕಂಪನಿಗಳೊಂದಿಗೆ ಮಾತುಕತೆ ನಡೆಸಿ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳೆಂದು ನಿಗದಿ ಮಾಡಿತು. 2026ರಿಂದ ಹಾಸಿಗೆಗಳ ಲೆಕ್ಕದಲ್ಲಿ ದಿನಕ್ಕೆ 16,000, ಶನಿವಾರ 12,000 ಎಂಬ ಮಿತಿಗೂ ಒಪ್ಪಂದವಾಯಿತು. ಶನಿವಾರ ಹಡಗೇ ಬೇಡವೆಂಬ ಪ್ರಸ್ತಾವವನ್ನು ಮಾತ್ರ 2024ರ ಅಕ್ಟೋಬರ್‌ನಲ್ಲಿ ಮತದಾರರೇ ತಿರಸ್ಕರಿಸಿದರು. ಅನ್ನ ಕೊಡುವವನನ್ನು ಪೂರ್ತಿ ದೂರ ಮಾಡಲು ಯಾರಿಗೂ ಮನಸ್ಸಿಲ್ಲ. ಇದೇ ಅಲಾಸ್ಕದ ಜನ 2006ರಲ್ಲಿ ಹಡಗಿನ ಪ್ರತಿ ಪ್ರಯಾಣಿಕನ ಮೇಲೆ 46 ಡಾಲರ್ ತೆರಿಗೆಯನ್ನು ಜನಮತದ ಮೂಲಕವೇ ವಿಧಿಸಿದ್ದರು. ಉದ್ಯಮದ ಪ್ರತಿರೋಧದ ನಂತರ 2010ರಲ್ಲಿ ಶಾಸನಸಭೆ ಅದನ್ನು 34.50 ಡಾಲರ್‌ಗೆ ಇಳಿಸಿತು.

ಇನ್ನೊಂದು ದಾರಿಯೂ ಉಂಟು. ಹೂನಾ ಎಂಬ, ಸಾವಿರ ಜನರೂ ಇಲ್ಲದ ಟ್ಲಿಂಗಿಟ್ ಆದಿವಾಸಿಗಳ ಊರಿನಲ್ಲಿ ಹಳೆಯ ಮೀನಿನ ಕಾರ್ಖಾನೆಯನ್ನೇ ಪ್ರವಾಸಿ ತಾಣವನ್ನಾಗಿ ಮಾಡಿ 2004ರಲ್ಲಿ ತೆರೆದರು. ಅದರ ಒಡೆಯರು ಆ ಜನರೇ ಷೇರುದಾರರಾಗಿರುವ ಸಂಸ್ಥೆ. ನಮ್ಮ ಹಡಗು ಅಲ್ಲಿಗೆ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಇಷ್ಟಾದ ಮೇಲೆ ಮಂಗಳೂರಿನ ಮಾತು ಬಾರದಿರುವುದು ಹೇಗೆ? ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಚೆಂಡೆ, ಯಕ್ಷಗಾನದ ವೇಷಗಳ ಸ್ವಾಗತ. ಮರುದಿನ ಪತ್ರಿಕೆಗಳಲ್ಲಿ ಚಿತ್ರ. ಪ್ರಯಾಣಿಕರು ಬಸ್ಸು ಹತ್ತಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಕಾಲೇಜಿನ ಚಾಪೆಲ್, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಊಟ ಹಡಗಿನಲ್ಲಿ, ನಿದ್ರೆ ಹಡಗಿನಲ್ಲಿ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಕ್ರೂಸ್ ಭಾರತ್ ಮಿಷನ್’ ಐದು ವರ್ಷಗಳಲ್ಲಿ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಗುರಿ ಒಳ್ಳೆಯದೇ. ಆದರೆ ಅದು ತಲೆಗಳ ಎಣಿಕೆ. ಮೂಡುಬಿದಿರೆಯಲ್ಲಿ ಎಳನೀರು ಮಾರುವವನ ಬುಟ್ಟಿಗೆ ಬಿದ್ದದ್ದೆಷ್ಟು ಎಂಬುದು ಅದರಲ್ಲಿ ಕಾಣಿಸುವುದಿಲ್ಲ.

ಆರಂಭದಲ್ಲಿ ಹೇಳಿದ ಕಡತ ಇಂಥದೇ. ಕರಾವಳಿಗೆ ವಿಹಾರ ನೌಕೆಗಳನ್ನು ಆಕರ್ಷಿಸಲು ಸೌಲಭ್ಯ ಕಲ್ಪಿಸುವ ಪ್ರಸ್ತಾವ. ಅದರಲ್ಲಿ ಪ್ರಯಾಣಿಕರ ಅಂದಾಜು ಸಂಖ್ಯೆಯನ್ನು ತಲಾ ವೆಚ್ಚದಿಂದ ಗುಣಿಸಿ ಸ್ಥಳೀಯ ಆರ್ಥಿಕತೆಗೆ ಇಷ್ಟು ಲಾಭ ಎಂದು ಬರೆದಿತ್ತು. ಆ ತಲಾ ವೆಚ್ಚ ಎಲ್ಲಿಂದ ಬಂತು, ಅದರಲ್ಲಿ ಹಡಗಿನಲ್ಲೇ ಕಟ್ಟಿದ ಹಣವೆಷ್ಟು, ಊರಿನಲ್ಲಿ ಬಿಚ್ಚಿದ ಹಣವೆಷ್ಟು ಎಂದು ಎಂ.ಎ.ಯಲ್ಲಿ ಅರ್ಥಶಾಸ್ತ್ರ ಓದಿದ ನಾನು ಕೇಳಲಿಲ್ಲ. ‘ಒಪ್ಪಿದೆ’ ಎಂದು ಬರೆದು ಸಹಿ ಹಾಕಿದೆ. ಕೆಳಗಿನವರು ಗುಣಾಕಾರ ಮಾಡಿದ್ದರು, ಮೇಲಿನವರಿಗೆ ಗುಣಲಬ್ಧ ಬೇಕಿತ್ತು, ನಾನು ನಡುವೆ ಇದ್ದೆ. ಕೆಚಿಕನ್‌ನ ವಜ್ರದಂಗಡಿಗಳ ಸಾಲಿನಲ್ಲಿ ನಿಂತಾಗ ಮುಜುಗರವಾದದ್ದು ಅದಕ್ಕೇ.

ನಮ್ಮ ಬಂದರಿಗೆ ಇನ್ನೂ ಜುನೋದ ಗದ್ದಲ ಬಂದಿಲ್ಲ. ಆದ್ದರಿಂದಲೇ ಷರತ್ತುಗಳನ್ನು ಮಾತನಾಡಲು ಇದು ಸಕಾಲ: ದಡದ ಪ್ರವಾಸಗಳ ಗುತ್ತಿಗೆಯಲ್ಲಿ ಸ್ಥಳೀಯ ವಾಹನ ಮಾಲೀಕರಿಗೆ, ಮಾರ್ಗದರ್ಶಿಗಳಿಗೆ ಎಷ್ಟು ಪಾಲು? ಮೂರು ತಾಣಗಳಿಗೆ ಓಡಿಸಿ ತರುವ ಬದಲು ಮೂಡುಬಿದಿರೆ ಒಂದರಲ್ಲೇ ಮೂರು ಗಂಟೆ ಬಿಟ್ಟರೆ ಹೇಗೆ? ಬಂದು ಹೋಗುವ ಬಂದರಿಗಿಂತ ಯಾನ ಆರಂಭವಾಗುವ ಬಂದರಿನಲ್ಲಿ ಹೋಟೆಲಿಗೂ ತರಕಾರಿ ವ್ಯಾಪಾರಿಗೂ ಲಾಭ ಹೆಚ್ಚು. ಅದಕ್ಕೆ ನಮ್ಮ ಪ್ರಯತ್ನವೇನು? ಇವಕ್ಕೆಲ್ಲ ಮೊದಲು ಒಂದು ಲೆಕ್ಕ ಬೇಕು. ಮುಂದಿನ ಋತುವಿನ ಮೊದಲ ಹಡಗು ಬಂದ ದಿನ ಒಬ್ಬ ಗುಮಾಸ್ತ ಬಂದರಿನ ಗೇಟಿನಲ್ಲಿ ನಿಂತು, ಹಡಗಿನವರ ಬಸ್ಸು ಹತ್ತಿದವರೆಷ್ಟು, ಊರಿನ ಟ್ಯಾಕ್ಸಿ ಹಿಡಿದವರೆಷ್ಟು, ಕೆಳಗಿಳಿಯದೆ ಹಡಗಿನಲ್ಲೇ ಉಳಿದವರೆಷ್ಟು ಎಂದು ಬರೆದುಕೊಳ್ಳಲಿ. ಸಂಜೆ ಮರಳುವವರಲ್ಲಿ ನೂರು ಮಂದಿಯನ್ನು ತಡೆದು, ಊರಿನಲ್ಲಿ ಖರ್ಚು ಮಾಡಿದ್ದು ಎಷ್ಟು ಎಂದು ಕೇಳಲಿ. ಅದಕ್ಕೆ ತಗಲುವುದು ಒಂದು ದಿನದ ಭತ್ಯೆ ಮತ್ತು ಒಂದು ನೋಟ್‌ಬುಕ್.