ಗುಡ್ಡಾ ಥರ್ಮಾಕೋಲಿನಾಗ ಸಿಗೂದಿಲ್ರಿ

ನಮ್ಮ ಓಣಿ ಹುಡುಗೂರು ಹೋಗೋ ಸಾಲ್ಯಾಗ ಈ ವರ್ಷ ಒಂದು ಸ್ಪರ್ಧಾ ಇಟ್ಟಿದ್ರು. ಹುಡುಗೂರು ಕಪ್ಪತಗುಡ್ಡ ನೋಡಿ ಬರಬೇಕು, ಅಲ್ಲಿ ಕಲ್ಲು ಯಾವ್ಯಾವು, ಹೆಂಗ ಆದವು ಅಂತ ತಿಳಕೊಂಡು ಎಲ್ಲಾರ ಮುಂದ ಹೇಳಬೇಕು. ಚೊಲೊ ಹೇಳಿದವರಿಗೆ ಬಹುಮಾನ. ಕೇಳಿ ನನಗ ಭಾಳ ಖುಷಿ ಆತು. ಆದ್ರ ಅದು ನಡದ ರೀತಿ ಮಾತ್ರ ಮನಸ್ಸಿಗೆ ಬರಲಿಲ್ಲ. ಇದನ್ನ ಓದೋರೆಲ್ಲಾ ಅವ್ವಂದಿರು, ಕಾಕುಗೋಳು, ಮಾವಶಿಗೋಳು, ವೈನಿಗೋಳು. ಅದಕ್ಕ ನಿಮ್ಮ ಮುಂದನ ಹೇಳತೀನಿ.

ಆದದ್ದು ಇಷ್ಟು. ಒಪ್ಪಿಗಿ ಚೀಟಿ ಮನಿಗೆ ಬಂತು. ಗಂಡುಹುಡುಗೂರ ಚೀಟಿಗೆ ಆವತ್ತ ಸಂಜೀಕ ಸಹಿ ಬಿತ್ತು. ಹೆಣ್ಣುಹುಡುಗೂರ ಚೀಟಿ ಪಾಟಿಚೀಲದಾಗನ ಉಳದ್ವು. "ಬಿಸಲಾಗ ಕರ್ರಗ ಆಗತಾಳ", "ಹೊರಗ ಕೂಡೋ ದಿನಾ ಬಂದ್ರ ಏನ ಮಾಡೂದು", "ಗುಡ್ಡಾ ಹತ್ತಿ ಈಕಿಗೇನ ಆಗಬೇಕಾಗೇತಿ" ಅಂತ ಒಬ್ಬೊಬ್ರದು ಒಂದೊಂದು ಮಾತು. ಕಡೀಕ ಆ ಹುಡುಗ್ಯಾರೆಲ್ಲಾ ಮನ್ಯಾಗ ಕುಂತು ಅವ್ವನ ಕೂಡ ಥರ್ಮಾಕೋಲ್ ಕೊರದು ಜ್ವಾಲಾಮುಖಿ ಮಾಡಿದ್ರು. ಮ್ಯಾಲೆ ಕೆಂಪ ಬಣ್ಣ, ಒಳಗ ಸೋಡಾಪುಡಿ, ಅದಕ್ಕ ಲಿಂಬಿಹಣ್ಣಿನ ರಸ. ಬುಸ್ ಅಂತ ನೊರಿ ಬಂತು, ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಬಹುಮಾನಾನೂ ಎಲ್ಲಾದಕಿಂತ ದೊಡ್ಡ ಮಾಡೆಲ್ಲಿಗೇ ಬಂತು. ನಮ್ಮ ಮಗ್ಗಲ ಮನಿ ಎಂಟನೇ ಕ್ಲಾಸಿನ ಹುಡುಗಿ ಒಬ್ಬಾಕಿ ಹಠಾ ಮಾಡಿ ಗುಡ್ಡಕ್ಕ ಹೋಗಿ ಬಂದು, ನೋಟಬುಕ್ಕಿನಾಗ ನಾಕು ಪುಟ ಬರದಿದ್ದಳು. ಅದನ್ನ ಯಾರೂ ತಿರುವಿ ನೋಡಲಿಲ್ಲ.

ನಾನು ಆ ನಾಕು ಪುಟ ಓದೀನ್ರಿ. "ಒಂದ ಕಲ್ಲಿನಾಗ ಕೆಂಪು ಪಟ್ಟಿ, ಕಪ್ಪು ಪಟ್ಟಿ, ಮತ್ತ ಕೆಂಪು ಪಟ್ಟಿ ಇದ್ವು. ಅಯಸ್ಕಾಂತ ಹಿಡದ್ರ ಕಪ್ಪು ಪಟ್ಟಿ ಎಳೀತು" ಅಂತ ಬರದಾಳ. ಸ್ಪರ್ಧಾ ಅಂದ್ರ ಇದ ಅಲ್ಲೇನು? ಅದು ಕಬ್ಬಿಣದ ಅದಿರಿನ ಪಟ್ಟಿಕಲ್ಲು. ಕೋಟ್ಯಂತರ ವರ್ಷದ ಹಿಂದ ಸಮುದ್ರದ ತಳದಾಗ ಪದರ ಪದರ ಕುಂತದ್ದು. ಇವತ್ತು ಮಳಿ ಇಲ್ಲದ ನಮ್ಮ ಸೀಮಿ ಒಂದ ಕಾಲಕ್ಕ ಸಮುದ್ರದಾಗ ಇತ್ತು ಅನ್ನೂದನ್ನ ಆ ಹುಡುಗಿ ಕೈಯಾರೆ ಮುಟ್ಟಿ ಬಂದಾಳ. ಜ್ವಾಲಾಮುಖಿ ಬೇಕಂದ್ರ ಅದೂ ಅಲ್ಲೇ ಐತಿ. ಕಪ್ಪತಗುಡ್ಡದ ಹಸರಗಪ್ಪು ಕಲ್ಲು ಆ ಕಾಲಕ್ಕ ಉಕ್ಕಿ ಬಂದ ಲಾವಾನ. ಅಂಥಾದ್ರಾಗ ಜಪಾನಿನ ಗುಡ್ಡದ ಚಿತ್ರಾ ನೋಡಿ ಥರ್ಮಾಕೋಲ್ ಯಾಕ ಕೊರೀಬೇಕು?

"ನಮ್ಮ ಗುಡ್ಡದಾಗ ಏನೈತಿ, ಹಿಮಾಲಯ ಅಂದ್ರ ಮಾತು ಬ್ಯಾರೆ" ಅಂತಾರ ಕೆಲವರು. ಹಿಮಾಲಯ ಏಳಾಕ ಸುರು ಆಗಿ ಸುಮಾರು 5 ಕೋಟಿ ವರ್ಷ ಆತು. ನಮ್ಮ ಗುಡ್ಡದ ಕಲ್ಲಿಗೆ 250 ಕೋಟಿಗಿಂತ ಹೆಚ್ಚು. ಹಿಮಾಲಯ ನಮ್ಮ ಗುಡ್ಡದ ಮುಂದ ತೊಟ್ಟಲಕೂಸು. ಇನ್ನೊಂದು ಮಾತು. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಬ್ರಿಟಿಷ್ ಭೂವಿಜ್ಞಾನಿ 1880ರ ದಶಕದಾಗ ಈ ಕಲ್ಲಿನ ಸಾಲಿಗೆ ಇಟ್ಟ ಹೆಸರು ಏನು ಗೊತ್ತೇನ್ರಿ? ಧಾರವಾಡ. ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕದಾಗ ನಮ್ಮ ಧಾರವಾಡದ ಹೆಸರು ಐತಿ. ಫೇಡೆಕ್ಕಷ್ಟ ಅಲ್ಲ, ಕಲ್ಲಿಗೂ.

ಇನ್ನ "ಇದೆಲ್ಲಾ ನಮಗೇನ ತಿಳೀತೈತಿ" ಅನ್ನೋ ಅವ್ವಂದಿರಿಗೆ ಹೇಳತೀನಿ. ತಿಳೀತೈತಿ. ಕಲ್ಲಿನ ವಿಷಯ ನಮ್ಮಷ್ಟು ತಿಳದವರು ಯಾರದಾರ? ಬೀಸುಕಲ್ಲು ಸವದ್ರ ಹಿಟ್ಟು ನುಣ್ಣಗ ಬರೂದಿಲ್ಲ, ಕಲ್ಲ ಕುಟ್ಟಾವ್ರನ್ನ ಕರದು ಹಲ್ಲು ಹಾಕಸಬೇಕು ಅಂತ ನಮ್ಮವ್ವಂದಿರು ತಿಳದಿದ್ರು. ಅಡಗಿಮನಿ ಕಡಪಾಕಲ್ಲಿನ ಕಟ್ಟಿ ಮ್ಯಾಲೆ ಲಿಂಬಿರಸ ಬಿದ್ರ ಬೆಳ್ಳನ ಕಲಿ ಆಗತೈತಿ, ಗ್ರಾನೈಟಿನ ಕಟ್ಟಿಗೆ ಏನೂ ಆಗೂದಿಲ್ಲ. ಯಾಕಂದ್ರ ಕಡಪಾಕಲ್ಲು, ಶಹಾಬಾದ್ ಫರಸಿ ಎರಡೂ ಸುಣ್ಣದ ಕಲ್ಲು, ಹುಳಿ ಅದನ್ನ ತಿಂತೈತಿ. ಭೂವಿಜ್ಞಾನ ಕಲತವರೂ ಕಲ್ಲಿನ ಮ್ಯಾಲೆ ಆಮ್ಲದ ಹನಿ ಹಾಕಿ ಇದನ್ನ ನೋಡತಾರ. ನಾವು ಬೈಕೋತ ವರಸತೀವಿ, ಅವರು ನೋಟಬುಕ್ಕಿನಾಗ ಬರಕೋತಾರ, ಅಷ್ಟ ಫರಕು.

ಬ್ಯಾಳಿ ಜಾಲಸೂದು ನೋಡ್ರಿ. ನೀರಾಗ ತಿರುವಿದ್ರ ಹಗರ ಇದ್ದದ್ದು ಮುಂದ ಹೋಗತೈತಿ, ವಜ್ಜ ಇದ್ದ ಹಳ್ಳು ತಳಕ್ಕ ನಿಂದರತೈತಿ. ಡೋಣಿ, ಸೊರಟೂರು ಕಡೆ ಹಳ್ಳದ ಉಸುಕು ಹಿಂಗ ಜಾಲಿಸಿ ಬಂಗಾರದ ಕಣ ತಗೀತಿದ್ದ ಜಾಲಗಾರರು ಇದ್ರು. ಆ ಬಂಗಾರದ ವಾಸನಿ ಹಿಡದ ಬ್ರಿಟಿಷ ಕಂಪನಿಗೋಳು 20ನೇ ಶತಮಾನದ ಸುರುವಿಗೆ ಅಟ್ಟಿಕಟ್ಟಿ, ಕಬಲಾಯತಕಟ್ಟಿ ಕಡೆ ಗಣಿ ತೋಡಿದ್ವು.

ಲಕ್ಕುಂಡಿಗೆ ಹೋದಾಗ ಬ್ರಹ್ಮಜಿನಾಲಯದ ಕಲ್ಲು ನೋಡ್ರಿ. 1007ರಾಗ ಅತ್ತಿಮಬ್ಬಿ ಕಟ್ಟಿಸಿದ್ದು. ಬದಾಮಿ, ಪಟ್ಟದಕಲ್ಲಿನಾಗ ಚಾಲುಕ್ಯರು ಬಳಸಿದ್ದು ಉಸುಕಗಲ್ಲು. ಅದರಾಗ ಕಾಳು ಕಾಳು ಕಾಣತಾವ, ಭಾಳ ಸೂಕ್ಷ್ಮ ಕೆತ್ತಿದ್ರ ಉದರತೈತಿ. ಲಕ್ಕುಂಡಿಗೆ ಬರೂದ್ರಾಗ ನುಣುಪಾದ ಬಳಪದ ಜಾತಿ ಕಲ್ಲು ಬಂತು. ಅದಕ್ಕ ಅಲ್ಲಿ, ಗದಗಿನ ತ್ರಿಕೂಟೇಶ್ವರದಾಗ ಕಂಬಗೋಳು ಬೆಣ್ಣಿ ಕಡದಂಗ ಕಾಣತಾವ. ಕಲ್ಲು ಬದಲಾತು, ಶಿಲ್ಪಾ ಬದಲಾತು. ಇದು ಒಬ್ಬ ಹೆಣ್ಣುಮಗಳು ಕಟ್ಟಿಸಿದ ಗುಡ್ಯಾಗ ಕಲೀಬಹುದಾದ ಪಾಠ. ಹೆಣ್ಣುಮಕ್ಕಳಿಗೆ ಕಲ್ಲು ಯಾಕ ಬೇಕು ಅನ್ನೋರಿಗೆ ಮತ್ತೇನ ಹೇಳಲಿ?

ಹಂಗಂತ ಅವ್ವಂದಿರ ಹೆದರಿಕಿ ಸುಳ್ಳು ಅನ್ನೂದಿಲ್ಲ. ಕಾಲಮಡಿಯಾಕ ಜಾಗಾ ಬೇಕು, ಕುಡಿಯೋ ನೀರು ಬೇಕು, ಕೂಡ ಬಾಯಾರ್ ಬೇಕು. ಇವು ಕೇಳೋ ಮಾತು, ಕೇಳಬೇಕು. ಆದ್ರ ಅದನ್ನ ಸಾಲಿಗೆ ಹೋಗಿ ಕೇಳೂದು ಬಿಟ್ಟು ಹುಡುಗೀನ ಮನ್ಯಾಗ ಕೂಡಸೂದು ಯಾವ ನ್ಯಾಯ? ಶ್ರಾವಣದಾಗ ಕಪ್ಪತಮಲ್ಲೇಶ್ವರಗ ಕಾಯಿ ಒಡಸಾಕ ನಾವ ಗುಡ್ಡಾ ಹತ್ತತೀವಿ, ಮಗಳನ್ನೂ ಕರಕೊಂಡು ಹೋಗತೀವಿ. ದೇವರ ಸಲುವಾಗಿ ಹತ್ತಿದ್ರ ಬಿಸಲು ಹತ್ತೂದಿಲ್ಲ, ಓದಿನ ಸಲುವಾಗಿ ಹತ್ತಿದ್ರ ಮಗಳು ಕರ್ರಗ ಆಗತಾಳೇನು?

ಸಾಲಿಯವರಿಗೂ ಒಂದೆರಡು ಮಾತು. ಬಹುಮಾನ ಮಾಡೆಲ್ಲಿಗೆ ಕೊಡಬ್ಯಾಡ್ರಿ, ಹುಡುಗೂರು ಬರದ ನೋಟಬುಕ್ಕಿಗೆ ಕೊಡ್ರಿ. ಮಾಡೆಲ್ ಅಂದ್ರ ಅವ್ವನ ಕೆಲಸ, ಅಪ್ಪನ ರೊಕ್ಕ. ರೊಕ್ಕ ಇಲ್ಲದ ಮನಿ ಕೂಸು ಅಲ್ಲೇ ಸೋಲತೈತಿ. ಒಂದು ಅಯಸ್ಕಾಂತ, ಒಂದು ಮಳಿ, ಅರ್ಧ ಲಿಂಬಿಹಣ್ಣು, ಒಂದು ಪೆನ್ಸಿಲ್, ಇಷ್ಟ ಇದ್ರ ಸಾಕು. ಎರಡನೇದು, "ಹತ್ತು ನಮೂನಿ ಕಲ್ಲು ಆರಿಸಿಕೊಂಡು ಬರ್ರಿ" ಅಂತ ಹೇಳಬ್ಯಾಡ್ರಿ. ಕಪ್ಪತಗುಡ್ಡ 2019ರಾಗ ವನ್ಯಜೀವಿ ಧಾಮ ಆಗೇತಿ. ಅರಣ್ಯ ಇಲಾಖೆ ಪರವಾನಗಿ ತಗೊಂಡು ಒಳಗ ಹೋಗಬೇಕು, ಕಲ್ಲಾಗಲಿ ಗಿಡಮೂಲಿಕಿ ಆಗಲಿ ಕಿತ್ತು ತರೂ ಹಂಗಿಲ್ಲ. ಚಿತ್ರಾ ಬಿಡಸಲಿ, ಫೋಟೋ ಹೊಡೀಲಿ. ಲಿಂಬಿಹನಿ, ಮಳಿ ಗೀರೂದು ಮನ್ಯಾಗಿನ ಫರಸಿಚೂರಿನ ಮ್ಯಾಲೆ ಮಾಡಲಿ, ಗುಡಿ ಗೋಡಿ ಮ್ಯಾಲೆ ಅಲ್ಲ.

ಇದು ಮಾರ್ಕಿನ ಮಾತಷ್ಟ ಅಲ್ರಿ. ಈ ಗುಡ್ಡದಾಗ ಕಬ್ಬಿಣ ಐತಿ, ಬಂಗಾರ ಐತಿ. ಅದಕ್ಕ ಇದರ ಮ್ಯಾಲೆ ಗಣಿಯವರ ಕಣ್ಣು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದ ನಿಂತು, ಜನ ಬೀದಿಗೆ ಬಂದು ಗುಡ್ಡಾ ಉಳಿಸಿಕೊಂಡಾರ. ನಾಳೆ ಮತ್ತ ಯಾರರ ಬಂದು "ಬಂಜರ ಗುಡ್ಡಾ, ಅಗದ್ರ ಏನಾತು" ಅಂದ್ರ, ಗುಡ್ಡಾ ಏರಿ, ಕಲ್ಲು ಮುಟ್ಟಿ, ಅಲ್ಲಿಂದ ಹರಿಯೋ ಹಳ್ಳ ನೋಡಿದ ಹುಡುಗಿ ಎದ್ದು ನಿಂತು ಮಾತಾಡತಾಳ. ಥರ್ಮಾಕೋಲ್ ಕೊರದಾಕಿ ಏನಂತಾಳ?

ಮುಂದಿನ ವರ್ಷ ಚೀಟಿ ಬಂದಾಗ ಮೊದಲ ಸಾಲಿಗೆ ಹೋಗ್ರಿ. ಬಾಯಾರ್ ಯಾರು ಬರತಾರ, ನೀರು ಎಲ್ಲೈತಿ, ಹೊರಳಿ ಬರೂದು ಎಷ್ಟೊತ್ತಿಗೆ ಅಂತ ಕೇಳ್ರಿ. ಬೇಕಾದ್ರ ಓಣಿಯಿಂದ ಇಬ್ಬರು ಕೂಡ ಹೋಗೂಣು, ನಾನೂ ಬರತೀನಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆಯಿಂದ. ಆಮ್ಯಾಲೆ ಸಹಿ ಮಾಡ್ರಿ.